ಊಟಕ್ಕೆ ಏಳುವವರ ಲೆಕ್ಕ

ಇಲ್ಲದ್ದನ್ನು ಇದೆ ಎಂದು ಹೇಳುವುದಕ್ಕಾಗಿಯೇ ಸಂಬಳ ಪಡೆದವನು ನಾನು. ಜ್ಯೋತಿಷಿಯಲ್ಲ, ಮದುವೆ ದಲ್ಲಾಳಿಯಲ್ಲ, ಚುನಾವಣೆಗೆ ನಿಂತವನೂ ಅಲ್ಲ. ಎಂಬತ್ತರ ದಶಕದ ನಡುಭಾಗದಲ್ಲಿ ಮಣಿಪಾಲದ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ಕೋಣೆ ನನ್ನ ಉಸ್ತುವಾರಿಯಲ್ಲಿತ್ತು. ಯಂತ್ರ ಒಂದು, ಕೇಳುವವರು ಹಲವರು. ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೇ ಎಂದು ನಂಬಿಸುವುದು ನನ್ನ ಕೆಲಸ. ಸಂಸ್ಥೆಯ ಹೆಸರು ಮಾತ್ರ ಕೇಳಬೇಡಿ. ತಪ್ಪು ಮಾಡಿದವನು ನಾನು, ಅದರ ಹೆಸರು ಯಾಕೆ ಕೆಡಬೇಕು?

ಯಂತ್ರ ಬಂದ ದಿನದ ಸಂಭ್ರಮವನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಲಾರಿಯಿಂದ ಕಪಾಟಿನಂಥ ಪೆಟ್ಟಿಗೆಗಳು ಒಂದೊಂದಾಗಿ ಇಳಿದವು. ಅವುಗಳಲ್ಲಿ ಡಿಸ್ಕ್ ಎಂಬುದು ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯಷ್ಟು ದಪ್ಪವಿತ್ತು, ತೂಕ ಅದಕ್ಕಿಂತ ಹೆಚ್ಚು. ಬಾಗಿಲಲ್ಲಿ ತೆಂಗಿನಕಾಯಿ ಒಡೆದರು. ಒಳಗೆ ಒಡೆದರೆ ನೀರು ಸಿಡಿದೀತೆಂದು ನಾನೇ ಅಡ್ಡ ನಿಂತಿದ್ದೆ. ಧೂಳಿಗೆ ಹೆದರಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದೆ. ಅದನ್ನು ಓದಿದವರು ಕೈಮುಗಿದುಕೊಂಡೇ ಒಳಗೆ ಬರತೊಡಗಿದರು. ಕೋಣೆಗೆ ಎ.ಸಿ. ಹಾಕಿದ್ದರು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾನು ಜೀವಮಾನದಲ್ಲಿ ಮೊದಲ ಸಲ ಸ್ವೆಟರ್ ಕೊಂಡದ್ದು ಆ ಯಂತ್ರಕ್ಕಾಗಿ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ಹಿಡಿದುಕೊಂಡು ಬಸ್ಸು ಹತ್ತುವವನನ್ನು ಕಾರ್ಕಳದವರು ಹೇಗೆ ನೋಡಿದರೆಂದು ನೀವೇ ಊಹಿಸಿಕೊಳ್ಳಿ.

ಯಂತ್ರದೊಡನೆ ಇಟ್ಟಿಗೆಯಷ್ಟು ದಪ್ಪದ ಕೈಪಿಡಿಗಳು ಬಂದಿದ್ದವು. ಅವುಗಳ ಒಂದು ಅಧ್ಯಾಯ ನನ್ನ ತಲೆ ಕೆಡಿಸಿತು. ನಮ್ಮ ಯಂತ್ರದ ನಿಜವಾದ ಮೆಮರಿ ಒಂದು ಮೆಗಾಬೈಟ್. ಇವತ್ತು ಒಂದು ಫೋಟೋ ಹಿಡಿಸುವುದಕ್ಕೂ ಸಾಲದು. ಆದರೆ ವರ್ಚುವಲ್ ಮೆಮರಿ ಎಂಬ ಉಪಾಯದಿಂದ ಎರಡಿದೆ, ನಾಲ್ಕಿದೆ ಎಂದು ಧೈರ್ಯವಾಗಿ ಹೇಳಿಕೊಳ್ಳಬಹುದಂತೆ! ಆ ಕ್ಷಣಕ್ಕೆ ಯಾರು ಬಳಸುತ್ತಿಲ್ಲವೋ ಅವರ ಸರಂಜಾಮನ್ನು ಯಂತ್ರ ಸದ್ದಿಲ್ಲದೆ ಡಿಸ್ಕಿಗೆ ಸಾಗಿಸುತ್ತದೆ. ಅವರು ಕೇಳಿದಾಗ ಮರಳಿ ತಂದು, ಇಲ್ಲೇ ಇತ್ತಲ್ಲ ಎಂಬಂತೆ ಮುಂದಿಡುತ್ತದೆ. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಓದುತ್ತಿದ್ದವನು ಮಣಿಪಾಲದಲ್ಲಿ ಇಳಿಯಲು ಮರೆತು ಉಡುಪಿ ತಲುಪಿದೆ. ಹಿಂತಿರುಗುವ ಬಸ್ಸಿನಲ್ಲಿ ಅದೇ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಇನ್ನೊಮ್ಮೆ ಮಣಿಪಾಲ ದಾಟಿ ಪರ್ಕಳದಲ್ಲಿ ಇಳಿದೆ.

ಕಾಣುವ ಜಗತ್ತು ಸತ್ಯವೋ ಮಿಥ್ಯೆಯೋ ಎಂದು ನಮ್ಮ ಉಡುಪಿಯ ಸುತ್ತಮುತ್ತ ಶತಮಾನಗಟ್ಟಲೆ ವಾದ ನಡೆದಿದೆ. ನನಗೆ ಸಂಸ್ಕೃತ ಬಾರದು, ಆ ವಾದದ ಅಂಗಳಕ್ಕೂ ನಾನು ಇಳಿದವನಲ್ಲ. ಆದರೂ ಇಲ್ಲದ ಮೆಮರಿಯಲ್ಲಿ ಲೆಕ್ಕ ನಡೆದು ಇರುವ ಕಾಗದದ ಮೇಲೆ ಸರಿಯಾದ ಉತ್ತರ ಅಚ್ಚಾಗಿ ಬಂದಾಗ, ಎರಡೂ ಪಕ್ಷದವರನ್ನು ಕರೆದು ತೋರಿಸಬೇಕೆಂದು ಬಹಳ ಆಸೆಯಾಗುತ್ತಿತ್ತು. ಚಪ್ಪಲಿ ಹೇಗೂ ಹೊರಗೇ ಬಿಟ್ಟು ಬರುತ್ತಿದ್ದರು.

ಈ ತತ್ತ್ವ ನನಗೆ ಅಷ್ಟು ಬೇಗ ರುಚಿಸಲು ಕಾರಣ ಕೈಪಿಡಿಯಲ್ಲ, ನಮ್ಮ ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್ ಸಂಜೀವಣ್ಣ. ಕುಕ್ಕುಂದೂರಿನ ನಮ್ಮ ಮನೆಯಿಂದ ದಿನವೂ ಅದೇ ಬಸ್ಸು. ಸೀಟು ತುಂಬಿ, ನಿಲ್ಲುವವರು ತುಂಬಿ, ಬಾಗಿಲಲ್ಲಿ ಜೋತಾಡುವವರೂ ತುಂಬಿದ ಮೇಲೆ ಸಂಜೀವಣ್ಣ "ಒಳಗೆ ಖಾಲಿ ಉಂಟು, ಮುಂದೆ ಹೋಗಿ" ಎಂದು ಇನ್ನೂ ಆರು ಜನರನ್ನು ಹತ್ತಿಸುತ್ತಿದ್ದ. ಒಮ್ಮೆ ರೇಗಿ, "ಎಲ್ಲಿ ಉಂಟು ಮಾರಾಯ್ರೇ ಖಾಲಿ?" ಎಂದು ಕೇಳಿದೆ. ಆತ ವಿಸಿಲ್ ಬಾಯಿಂದ ತೆಗೆದು ಸಮಾಧಾನದಿಂದ ಹೇಳಿದ: "ಹಿರಿಯಡ್ಕದಲ್ಲಿ ಉಂಟು. ಅಲ್ಲಿ ಹತ್ತು ಜನ ಇಳಿಯುತ್ತಾರೆ. ಎಲ್ಲರೂ ಮಣಿಪಾಲಕ್ಕೇ ಹೋಗುವುದಾ?" ಇನ್ನೂ ಬಾರದ ಊರಿನ ಖಾಲಿ ಜಾಗವನ್ನು ಬೈಲೂರಿನಲ್ಲೇ ಹಂಚಿಬಿಡುವ ಈ ವಿದ್ಯೆಗೆ ಬೇರೆ ದೇಶಗಳಲ್ಲಿ ಪದವಿ ಕೊಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರದಲ್ಲಿ ಹಂಚಬೇಕಾದ ವಸ್ತುಗಳು ಎರಡು. ಲೆಕ್ಕ ಮಾಡುವ ಪ್ರೊಸೆಸರ್ ಒಂದು, ಲೆಕ್ಕದ ಸರಂಜಾಮು ಹರಡಿಕೊಳ್ಳುವ ಮೆಮರಿ ಇನ್ನೊಂದು. ಪ್ರೊಸೆಸರನ್ನು ಕೊಡುತ್ತೇನೆಂದು ಎಷ್ಟು ಜನರಿಗೆ ಮಾತು ಕೊಟ್ಟರೂ ದೊಡ್ಡ ಅಪಾಯವಿಲ್ಲ. ಒಬ್ಬನೇ ಕ್ಷೌರಿಕ ಮೂವರನ್ನು ಸಾಲಾಗಿ ಕೂರಿಸಿ, ಒಬ್ಬನಿಗೆ ಸಾಬೂನು, ಒಬ್ಬನಿಗೆ ಕತ್ತರಿ, ಒಬ್ಬನಿಗೆ ಕತ್ತಿ ಎಂದು ಸುತ್ತುವ ಹಾಗೆ. ತಡವಾದೀತು, ಕೆಲಸ ಮುಗಿದೀತು. ಮೆಮರಿ ಹಾಗಲ್ಲ. ಅದು ಊಟದ ಪಂಕ್ತಿ. ಎಲೆ ಹಾಕುವ ಜಾಗ ಇಬ್ಬರಿಗೆ ಮಾತ್ರ ಇದ್ದು ಮೂವರು ಪಟ್ಟು ಹಿಡಿದು ಕೂತರೆ, ಒಬ್ಬ ಸಾರು ಕಲಸುವಷ್ಟರಲ್ಲಿ ಅವನ ಎಲೆಯನ್ನು ಅನ್ನಸಮೇತ ಎತ್ತಿ ಉಗ್ರಾಣದಲ್ಲಿಟ್ಟು ಇನ್ನೊಬ್ಬನದನ್ನು ತರಬೇಕು. ಅವನು ಕೈ ಹಾಕುವಷ್ಟರಲ್ಲಿ ಮೂರನೆಯವನದನ್ನು. ಬಡಿಸುವವರು ಬೆವರು ಸುರಿಸಿ ಓಡಾಡುತ್ತಾರೆ, ಎಲೆಗಳು ಓಡಾಡುತ್ತವೆ, ಯಾರ ಬಾಯಿಗೂ ತುತ್ತು ಹೋಗುವುದಿಲ್ಲ. ಕೈಪಿಡಿ ಈ ಅವಸ್ಥೆಯ ಬಗ್ಗೆ ಒಂದೇ ಪ್ಯಾರಾದಲ್ಲಿ ಎಚ್ಚರಿಸಿತ್ತು. ಉತ್ಸಾಹದಲ್ಲಿದ್ದವನು ಎಚ್ಚರಿಕೆಯ ಪ್ಯಾರಾವನ್ನು ಎಂದಾದರೂ ಓದುತ್ತಾನೆಯೇ?

ಭಾರೀ ಕೆಲಸದವರು ನನ್ನಲ್ಲಿ ಮೂವರಿದ್ದರು. ಸಿವಿಲ್ ವಿಭಾಗದ ಆಚಾರ್ಯರು ಸ್ವರ್ಣಾ ನದಿಗೆ ಒಂದು ಸೇತುವೆಯನ್ನು ಕಾಗದದ ಮೇಲೆ ಕಟ್ಟುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದರೂ ಹೊಸ ಯಂತ್ರವೆಂದರೆ ಕಣ್ಣರಳಿಸುತ್ತಿದ್ದ ಹಿರಿಯರು. ಮೆಕ್ಯಾನಿಕಲ್ ವಿಭಾಗದ ಹೆಗ್ಡೆ ನಿಟ್ಟೆಯವರು. ಗೇರುಬೀಜ ಹುರಿಯುವ ಡ್ರಮ್ಮಿನೊಳಗೆ ಶಾಖ ಹೇಗೆ ಹರಡುತ್ತದೆ ಎಂಬುದು ಅವರ ಚಿಂತೆ. ಮೂರನೆಯವರು ಸಂಖ್ಯಾಶಾಸ್ತ್ರದ ಖಾದರ್, ಕಾಪುವಿನ ಬ್ಯಾರಿ ಕುಟುಂಬದವರು. ತಂದೆ, ಅಜ್ಜ ಎಲ್ಲರೂ ಮೀನಿನ ವ್ಯಾಪಾರಿಗಳು. ಇವರು ಮಾತ್ರ ಮಳೆಗಾಳಿಗೂ ಬಂಗುಡೆ ಮೀನಿನ ಇಳುವರಿಗೂ ಏನು ಸಂಬಂಧ ಎಂದು ಪಿಎಚ್.ಡಿ. ಮಾಡುತ್ತಿದ್ದರು. ಮೂವರ ಟರ್ಮಿನಲ್‌ಗಳೂ ಅವರವರ ವಿಭಾಗದಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿದ್ದವು. ಒಬ್ಬರು ಕೂತದ್ದು ಇನ್ನೊಬ್ಬರಿಗೆ ಕಾಣದು. ಆದ್ದರಿಂದ ನಾನು ಮೂವರಿಗೂ ಗುಟ್ಟಾಗಿ, ಬೇರೆ ಬೇರೆ ದಿನ, ಒಂದೇ ವಾಕ್ಯ ಹೇಳಿದ್ದೆ. ಹತ್ತೂವರೆಯಿಂದ ಮೂರರವರೆಗೆ ಯಂತ್ರ ಪೂರ್ತಿ ನಿಮ್ಮದು, ಯಾರಿಗೂ ಹೇಳಬೇಡಿ.

ಇದು ಬರೀ ಭಂಡಧೈರ್ಯವಲ್ಲ. ನನ್ನ ಬಳಿ ಶಾಸ್ತ್ರೋಕ್ತವಾದ ಒಂದು ಪಟ್ಟಿಯಿತ್ತು, ಮೂವರ ಊಟದ ಪಟ್ಟಿ. ಆಚಾರ್ಯರು ಹೊರಗಿನ ನೀರೂ ಮುಟ್ಟದ ಮಾಧ್ವರು. ಹನ್ನೊಂದೂವರೆಗೆ ಎದ್ದು ಮನೆಗೆ ಹೋದರೆ ಸ್ನಾನ, ಪೂಜೆ, ಊಟ, ಒಂದು ಸಣ್ಣ ನಿದ್ದೆ ಎಲ್ಲ ಮುಗಿಸಿ ಬರುವುದು ಎರಡಕ್ಕೆ. ಹೆಗ್ಡೆ ಕ್ಲಾಸು ಮುಗಿಸಿ ಟರ್ಮಿನಲ್‌ಗೆ ಬರುವುದೇ ಹನ್ನೊಂದೂವರೆಗೆ. ಹನ್ನೆರಡೂವರೆಗೆ ಭಟ್ಟರ ಮೆಸ್ಸಿಗೆ ಹೋಗಿ, ಪಂಕ್ತಿಗೆ ಕಾದು, ಕುಚ್ಚಲಕ್ಕಿ ಅನ್ನ ಮೂರು ಸಲ ಹಾಕಿಸಿಕೊಂಡು ಒಂದೂವರೆಗೆ ಮರಳುತ್ತಾರೆ. ಎರಡಕ್ಕೆ ಮತ್ತೆ ಕ್ಲಾಸು. ಖಾದರ್ ಒಂದು ಗಂಟೆಗೆ ನಮಾಜಿಗೂ ಊಟಕ್ಕೂ ಎದ್ದರೆ ಬರುವುದು ಎರಡೂವರೆಗೆ. ಏಳುವಾಗ ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಮಲಗಿಸಿ ಹೋಗಬೇಕು, ಇಲ್ಲದಿದ್ದರೆ ಲೈನು ಕಡಿದರೆ ಹಾಳಾದೀತು ಎಂದು ಹೆದರಿಸಿದ್ದೆ. ಅದು ಅರ್ಧ ಸತ್ಯ. ಮಲಗಿದ ಕೆಲಸ ಡಿಸ್ಕಿಗೆ ಹೋಗುತ್ತದೆ, ಜಾಗ ಖಾಲಿಯಾಗುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಎಚ್ಚರವಿರುವವರು ಇಬ್ಬರಿಗಿಂತ ಹೆಚ್ಚಿಲ್ಲ. ಇಬ್ಬರಿಗೆ ನನ್ನ ಒಂದು ಮೆಗಾಬೈಟ್ ಸಾಕು.

ಎಷ್ಟು ಸೊಗಸಾಗಿ ನಡೆಯಿತು ಗೊತ್ತೇ! ಮೂರು ತಿಂಗಳು ಮೂವರೂ ನನ್ನನ್ನು ಹೊಗಳಿದರು. ಹೆಮ್ಮೆ ತಾಳಲಾರದೆ ನಾನು ಮೊದಲ ವಾರದಲ್ಲೇ ಇದರ ಬಗ್ಗೆ ಒಂದು ಪ್ರಬಂಧ ಬರೆಯಲು ಹೊರಟೆ. ಪ್ರಬಂಧವೆಂದರೆ ಅಂಕಿಸಂಖ್ಯೆ ಬೇಕಲ್ಲ? ಅದಕ್ಕಾಗಿ ಒಂದು ಪ್ರೋಗ್ರಾಮ್ ಬರೆದು ಯಂತ್ರದೊಳಗೆ ಬಿಟ್ಟೆ. ಯಾರು ಎಷ್ಟು ಜಾಗ ಬಳಸುತ್ತಿದ್ದಾರೆ ಎಂದು ಅದು ನಿಮಿಷ ನಿಮಿಷಕ್ಕೂ ಗುರುತು ಹಾಕಿಕೊಳ್ಳುತ್ತಿತ್ತು. ಗುರುತುಗಳೆಲ್ಲ ಅದರ ಹೊಟ್ಟೆಯಲ್ಲೇ ಸೇರುತ್ತಿದ್ದವು. ಒಂದು ದಿನ ಒಟ್ಟಿಗೇ ಅಚ್ಚು ಹಾಕಿಸಿ ಎಲ್ಲರ ಬಾಯಿ ಮುಚ್ಚಿಸುವ ಆಲೋಚನೆ. ನಡುನಡುವೆ ಯಾಕೋ ಹದಿನೈದು ದಿನಕ್ಕೊಮ್ಮೆ ಯಂತ್ರ ಏದುಸಿರು ಬಿಡುತ್ತಿತ್ತು. ನಾನು ವೋಲ್ಟೇಜನ್ನು ಬೈಯುತ್ತಿದ್ದೆ, ಮೋಡವನ್ನು ಬೈಯುತ್ತಿದ್ದೆ. ಒಂದು ಗಂಟೆಗೆ ಖಾದರ್ ಊಟಕ್ಕೆ ಎದ್ದೊಡನೆ ಸರಿಯಾಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬರುವುದು ಯಾವುದು ಎಂದು ಉಡುಪಿ ಪೇಟೆಯಲ್ಲಿ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಮಳೆಗಾಲ ಹಿಡಿದ ಹೊಸತು. ಖಾದರ್ ಬೆಳಿಗ್ಗೆ ಒಂಬತ್ತಕ್ಕೇ ನನ್ನ ಕೋಣೆಗೆ ಬಂದರು. ಮಂಗಳೂರಿನ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಒಪ್ಪಿಸಲು ಮರುದಿನವೇ ಕೊನೆಯ ದಿನ. ಆರು ವರ್ಷದ ಕೆಲಸ. ಸಿಗಬೇಕಾದ ವಾಯಿದೆಯೆಲ್ಲ ಸಿಕ್ಕಿ ಮುಗಿದಿತ್ತು. ಮಾರ್ಗದರ್ಶಕರು ಕೊನೆಯ ಗಳಿಗೆಯಲ್ಲಿ ಒಂದು ಅಧ್ಯಾಯದ ಲೆಕ್ಕವನ್ನು ಪೂರ್ತಿ ಹೊಸದಾಗಿ ಮಾಡಿಸಲು ಹೇಳಿದ್ದರು. ಉಡುಪಿಯಲ್ಲಿ ಟೈಪಿಸ್ಟ್ ಕಾಯುತ್ತಿದ್ದಾರೆ, ಬೈಂಡಿನವರಿಗೆ ಹೇಳಿಟ್ಟಾಗಿದೆ, ಸಂಜೆಯೊಳಗೆ ಕೋಷ್ಟಕಗಳು ಕೈಗೆ ಸಿಕ್ಕರೆ ಸಾಕು.

"ಇವತ್ತು ಆಗದಿದ್ದರೆ ಮತ್ತೆ ಮೊದಲಿನಿಂದ ಸಾರ್," ಎಂದರು ಖಾದರ್. "ಅಣ್ಣ ಕೊಲ್ಲಿಯಿಂದ ವೀಸಾ ಕಳಿಸಿಯಾಗಿದೆ. ಹೆಂಗಸರು ಮಕ್ಕಳೆಲ್ಲ ಹೋಗು ಹೋಗು ಎನ್ನುತ್ತಿದ್ದಾರೆ. ಬಂಗುಡೆಯನ್ನು ಬಿಟ್ಟು ವಿಮಾನ ಹತ್ತುವುದೇ."

ಲೆಕ್ಕಕ್ಕೆ ಐದು ಗಂಟೆಗಳ ಓಟ ಬೇಕು. ನಾನು ಎದೆ ತಟ್ಟಿ ಹೇಳಿದೆ, ಹತ್ತಕ್ಕೇ ಶುರು ಮಾಡಿ, ಯಂತ್ರ ಪೂರ್ತಿ ನಿಮ್ಮದು. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆ ಮುಖವನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಹನ್ನೊಂದೂವರೆಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಡಿಸ್ಕಿನ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಉರಿಯತೊಡಗಿತು. ಪೆಟ್ಟಿಗೆ ಗಡಗಡ ನಡುಗಿತು. ಹನ್ನೆರಡೂವರೆಗೆ ಹೆಗ್ಡೆ ಕೆಲಸ ಮಲಗಿಸಿದರು, ಸ್ವಲ್ಪ ಉಸಿರು ಬಂತು. ಹತ್ತೇ ನಿಮಿಷದಲ್ಲಿ ಮತ್ತೆ ನಡುಕ. ನಾನು ಊಟಕ್ಕೆ ಹೋಗದೆ ಗಡಿಯಾರ ನೋಡುತ್ತ ಕೂತೆ. ಒಂದಾಗಲಿ, ಖಾದರ್ ಏಳುತ್ತಾರೆ, ಸರಿಯಾಗುತ್ತದೆ. ಒಂದಾಯಿತು. ಒಂದೂಕಾಲಾಯಿತು. ಯಾರೂ ಏಳಲಿಲ್ಲ! ನಾನು ಕನ್ಸೋಲಿನಲ್ಲಿ ಒಂದು ಅಕ್ಷರ ಒತ್ತಿದರೆ ಅದು ತೆರೆಯ ಮೇಲೆ ಮೂಡುವಷ್ಟರಲ್ಲಿ ಸ್ವೆಟರಿನೊಳಗೆ ಬೆವರು ಬಂತು.

ಮೊದಲು ಬಂದವರು ಆಚಾರ್ಯರು, ನೀರು ಸುರಿಯುವ ಕೊಡೆಯೊಡನೆ. "ಎಂತ ಮಾರಾಯ, ನನ್ನ ಸೇತುವೆ ಎರಡನೇ ಕಂಬದಲ್ಲೇ ನಿಂತಿದೆ. ಒಂದು ಅಕ್ಷರ ಒತ್ತಿ ನೂರೆಂಟು ಜಪ ಮುಗಿಸಿದೆ, ಅಕ್ಷರ ಬರಲಿಲ್ಲ."

ಅವರ ಹಿಂದೆಯೇ ಹೆಗ್ಡೆ. "ನನ್ನ ಗೇರುಬೀಜ ಕರಟಿ ಹೋಯಿತು ಮಾರಾಯ್ರೇ!"

"ನಿಮ್ಮ ಗೇರುಬೀಜವಾ? ಎಲ್ಲಿ?" ಆಚಾರ್ಯರು ಕೇಳಿದರು.

"ಯಂತ್ರದಲ್ಲಿ. ಈ ಹೊತ್ತಿಗೆ ಯಂತ್ರ ಪೂರ್ತಿ ನನ್ನದು ಅಲ್ವಾ?"

"ನಿಮ್ಮದಾ? ನನ್ನದಲ್ಲವಾ?"

ಇಬ್ಬರೂ ನನ್ನತ್ತ ತಿರುಗಿದರು. ಆಗಲೇ ಬಾಗಿಲಲ್ಲಿ ಖಾದರ್, ಒದ್ದೆ ತಲೆ ಒರೆಸಿಕೊಳ್ಳುತ್ತ, ತೀರ ಮೆಲ್ಲಗೆ ಹೇಳಿದರು: "ಇಬ್ಬರೂ ಕ್ಷಮಿಸಬೇಕು. ಈ ಹೊತ್ತು ನನಗೆ ಕೊಟ್ಟದ್ದು."

ಯಂತ್ರ ಗಡಗಡ ಎನ್ನುತ್ತಲೇ ಇತ್ತು. ಮಾತು ತಪ್ಪಿಸಲು, "ನೀವು ಊಟಕ್ಕೆ ಹೋಗಲಿಲ್ಲವಾ ಸಾರ್?" ಎಂದು ಆಚಾರ್ಯರನ್ನು ಕೇಳಿದೆ.

"ಇವತ್ತು ಏಕಾದಶಿ ಅಲ್ವಾ."

"ನನಗೆ ರಂಜಾನಿನ ಹತ್ತನೇ ನೋಂಬು. ನಮಾಜು ವಿಭಾಗದಲ್ಲೇ ಮುಗಿಸಿದೆ," ಎಂದರು ಖಾದರ್.

"ನಾನು ಹೋಗಿ ಬಂದೆ," ಎಂದರು ಹೆಗ್ಡೆ. "ಏಕಾದಶಿ ಅಂತ ಭಟ್ಟರಲ್ಲಿ ಅನ್ನವೇ ಇಲ್ಲ. ಒಂದು ಹಿಡಿ ಸಜ್ಜಿಗೆ, ಒಂದು ಬಾಳೆಹಣ್ಣು. ಪಂಕ್ತಿಯೂ ಇಲ್ಲ, ಎಂತದೂ ಇಲ್ಲ. ಮಧ್ಯಾಹ್ನದ ಕ್ಲಾಸಿಗೂ ಇವತ್ತು ರಜೆ."

ನೋಡಿ, ನಾಲ್ಕು ಮೊಳದ ಪಟ್ಟಿ ಮಾಡಿದವನಿಗೆ ಇದು ಹೊಳೆಯಲಿಲ್ಲ. ಬರೀ ಏಕಾದಶಿಯಾದರೆ ಖಾದರ್ ಏಳುತ್ತಿದ್ದರು. ಬರೀ ರಂಜಾನಾದರೆ ಆಚಾರ್ಯರು ಏಳುತ್ತಿದ್ದರು. ಎರಡೂ ಒಟ್ಟಿಗೆ ಬರುವುದು ಅಪರೂಪದ ಯೋಗವೂ ಅಲ್ಲ. ರಂಜಾನ್ ಶುರುವಾಗುವುದು ಬಿದಿಗೆಯ ಚಂದ್ರನನ್ನು ಕಂಡು. ಏಕಾದಶಿಯನ್ನು ಎಣಿಸುವುದೂ ಅದೇ ಚಂದ್ರನಿಂದ. ನಮ್ಮ ಕಡಲ ಮೇಲೆ ಇರುವ ಚಂದ್ರ ಒಬ್ಬನೇ ಆದ್ದರಿಂದ, ಪ್ರತಿ ರಂಜಾನಿನ ಹತ್ತನೆಯ ಉಪವಾಸದ ಆಸುಪಾಸಿಗೆ ಒಂದು ಏಕಾದಶಿ ಬಂದೇ ಬರುತ್ತದೆ. ನನ್ನ ಮೇಜಿನ ಮೇಲಿದ್ದದ್ದು ಬಣ್ಣದ ಇಂಗ್ಲಿಷ್ ಕ್ಯಾಲೆಂಡರು. ಅದಕ್ಕೆ ಭಾನುವಾರವೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಊರಿಗೆ ಊರೇ ಉಪವಾಸವಿದ್ದ ದಿನ ನನ್ನ ಯಂತ್ರವೊಂದೇ ಮಿತಿಮೀರಿ ತಿಂದು ನರಳುತ್ತಿತ್ತು.

ಎಲ್ಲವನ್ನೂ ಒಪ್ಪಿಕೊಂಡೆ. ಬಸ್ಸು, ಹಿರಿಯಡ್ಕ, ಊಟದ ಪಟ್ಟಿ, ಏನನ್ನೂ ಮುಚ್ಚಿಡಲಿಲ್ಲ. ಆಚಾರ್ಯರು ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಖಾದರರೇ, ನಿಮ್ಮದು ಯಾವಾಗ ಕೊಡಬೇಕು?"

"ನಾಳೆ ಸಾರ್."

"ಹಾಗಾದರೆ ನನ್ನ ಸೇತುವೆ ನಿಲ್ಲಲಿ. ಹೊಳೆ ಎಲ್ಲಿಗೂ ಹೋಗುವುದಿಲ್ಲ." ಕೊಡೆ ಬಿಡಿಸಿಕೊಂಡು, ಕೆಲಸವನ್ನು ಮಲಗಿಸಲು ತಮ್ಮ ವಿಭಾಗದತ್ತ ಹೊರಟೇಬಿಟ್ಟರು. ಏಕಾದಶಿಯ ದಿನ ಬಂಗುಡೆಗಾಗಿ ಎದ್ದು ಜಾಗ ಬಿಟ್ಟುಕೊಟ್ಟ ಮಾಧ್ವರು ಇನ್ನೊಬ್ಬರು ಸಿಗಲಾರರು. ಹೆಗ್ಡೆಯೂ "ನಾನೂ ಏಳುತ್ತೇನೆ, ಹಸಿವೆ ಹೇಗೂ ಉಂಟು" ಎಂದು ನಡೆದರು. ಖಾದರರ ಮುಖ ಸಪ್ಪಗಾಗಿತ್ತು. ಅವರೂ ತಮ್ಮ ವಿಭಾಗದತ್ತ ಹೋದರು.

ಐದು ನಿಮಿಷ ಕಳೆಯಿತು. ಯಾಕೋ ಅವರ ಆ ಸಪ್ಪೆ ಮುಖ ಮನಸ್ಸಿಗೆ ಚುಚ್ಚಿ, ಇಂಟರ್ಕಾಮಿನಲ್ಲಿ ಕರೆದೆ. ಏನು ಮಾಡುತ್ತಿದ್ದೀರಿ ಸಾರ್?

"ನಿಲ್ಲಿಸಲು ಟೈಪ್ ಮಾಡಿದೆ," ಎಂದಿತು ಖಾದರರ ದನಿ. "ಮಲಗಿಸುವುದಲ್ಲ, ಪೂರ್ತಿ ನಿಲ್ಲಿಸುವುದು. ಅವರ ವಯಸ್ಸೇನು, ನನ್ನ ವಯಸ್ಸೇನು? ಉಪವಾಸದಲ್ಲಿ ಮಳೆಗೆ ನೆನೆದುಕೊಂಡು ನನಗಾಗಿ ಓಡಾಡುವುದಾ? ಅವರ ಸೇತುವೆ ಆಗಲಿ. ನನ್ನ ಹಣೆಯಲ್ಲಿ ಇದು ಬರೆದದ್ದಿಲ್ಲ, ಅಷ್ಟೇ."

ನಿಲ್ಲಿಸಿದ ಕೆಲಸ ಹೋದಂತೆಯೇ. ಮತ್ತೆ ಐದು ಗಂಟೆ ಎಲ್ಲಿಂದ ತರುವುದು? ಸಜ್ಜನಿಕೆಗೂ ಒಂದು ಹೊತ್ತುಗೊತ್ತು ಬೇಡವೇ? ಆದರೆ ತೆರೆ ನೋಡಿದರೆ ಖಾದರರ ಕೆಲಸ ಇನ್ನೂ ಉಸಿರಾಡುತ್ತಿದೆ. ಯಂತ್ರ ಎಷ್ಟು ಉಸಿರು ಕಟ್ಟಿತ್ತೆಂದರೆ, ಯಾರ ಆಜ್ಞೆಯನ್ನೂ ಓದಲು ಅದಕ್ಕೆ ಪುರುಸೊತ್ತಿಲ್ಲ. ಆಚಾರ್ಯರ 'ಮಲಗಿಸು', ಹೆಗ್ಡೆಯವರ 'ಮಲಗಿಸು', ಖಾದರರ 'ನಿಲ್ಲಿಸು' ಮೂರೂ ಬಾಗಿಲಲ್ಲಿ ಕ್ಯೂ ನಿಂತಿವೆ. ಯಾವುದು ಮೊದಲು ಒಳಗೆ ಹೋಗುತ್ತದೋ ದೇವರಿಗೇ ಗೊತ್ತು. ಖಾದರರ ಟರ್ಮಿನಲ್ಲಿನಿಂದ ಬಂದದ್ದನ್ನು ಮರೆತುಬಿಡು ಎಂದು ಹೇಳುವ ಅಧಿಕಾರ ನನ್ನ ಕನ್ಸೋಲಿಗೆ ಇತ್ತು. ಕನ್ಸೋಲಿನ ಮಾತಿಗೆ ಯಂತ್ರ ಮೊದಲ ಮರ್ಯಾದೆ ಕೊಡುತ್ತದೆ. ಆದರೆ ಆ ಮಾತನ್ನು ಕೇಳುವುದಕ್ಕೂ ಒಂದಿಷ್ಟು ಜಾಗ ಬೇಕು!

ಯಾರಾದರೂ ಏಳಬೇಕು, ಈಗಲೇ ಏಳಬೇಕು. ಯಾರು ಯಾರು ಕೂತಿದ್ದಾರೆಂದು ಪಟ್ಟಿ ನೋಡಿದೆ. ಮೂರು ಹೆಸರಿರಬೇಕಾದಲ್ಲಿ ನಾಲ್ಕಿದ್ದವು. ನಾಲ್ಕನೆಯದು ನನ್ನ ಹೆಸರು. ಮೂರು ತಿಂಗಳಿಂದ ನಿಮಿಷ ನಿಮಿಷದ ಗುರುತನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಊದಿದ ನನ್ನ ಪ್ರೋಗ್ರಾಮ್, ಒಂದು ದಿನವೂ ಊಟಕ್ಕೆ ಏಳದೆ, ಎಲ್ಲರಿಗಿಂತ ಅಗಲವಾಗಿ ಎಲೆ ಹಾಸಿಕೊಂಡು ಕೂತಿತ್ತು. ಜಾಗ ಯಾರು ಎಷ್ಟು ತಿನ್ನುತ್ತಾರೆ ಎಂದು ಬರೆದುಕೊಳ್ಳುವುದಕ್ಕೇ ಅದು ಅಷ್ಟು ಜಾಗ ತಿಂದಿತ್ತು. ಎಲ್ಲರ ಲೆಕ್ಕ ಬರೆದ ನಾನು ನನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಿಲ್ಲಿಸಿದರೆ ಮೂರು ತಿಂಗಳ ಗುರುತು ಹೋಯಿತು, ಪ್ರಬಂಧವೂ ಹೋಯಿತು. ಸುಳ್ಳು ಯಾಕೆ ಹೇಳಲಿ, ಕೈ ತಡೆಯಿತು. ಒಂದು ಉಸಿರಿನಷ್ಟು ಹೊತ್ತು ತಡೆಯಿತು. ಮತ್ತೆ ಒತ್ತಿದೆ.

ಡಿಸ್ಕಿನ ದೀಪ ಆರಿತು, ಹತ್ತಿತು, ಆರಿತು. ನಡುಕ ನಿಂತಿತು. ಬೆರಳು ಎಲ್ಲೆಲ್ಲಿ ಬಿತ್ತೋ ತಿಳಿಯದು, ಖಾದರರ ಆಜ್ಞೆಯನ್ನು ಮರೆತುಬಿಡಲು ಹೊಡೆದೆ. ತೆರೆಯ ಮೇಲೆ ಒಂದು ಸಾಲು ಮೂಡಿತು: ಮರೆತೆ. ಅದರ ಬೆನ್ನಿಗೇ ಆಚಾರ್ಯರ ಕೆಲಸ ಮಲಗಿತು, ಹೆಗ್ಡೆಯವರದು ಮಲಗಿತು. ಖಾದರರ ಬಂಗುಡೆ ಇಡೀ ಕಡಲು ತನ್ನದೆಂಬಂತೆ ಹೊರಟಿತು! ನಾನು ಕುರ್ಚಿಯಿಂದ ಎದ್ದು ಒಬ್ಬನೇ ಕೂಗಿಕೊಂಡೆ. ಕೆಳಗಿಡಲು ಮರೆತ ಇಂಟರ್ಕಾಮಿನಲ್ಲಿ ಆ ಕೂಗು ಕೇಳಿ ಖಾದರ್ ಗಾಬರಿಯಾಗಿ ಓಡಿ ಬಂದರು. ಅವರನ್ನು ಕೂರಿಸಿ, ಇನ್ನು ಸಂಜೆಯವರೆಗೆ ಟರ್ಮಿನಲ್ ಮುಟ್ಟಬಾರದು, ಸಜ್ಜನಿಕೆ ತೋರಿಸಬಾರದು ಎಂದು ಆಣೆ ಹಾಕಿಸಿದೆ.

ದಿನವೂ ಮೂರರ ಮೇಲೆ ಯಂತ್ರದಲ್ಲಿ ನಡೆಯುತ್ತಿದ್ದ ಆಫೀಸಿನ ಕೆಲಸವನ್ನು ನಾಳೆಗೆ ತಳ್ಳಿದೆ. ಐದು ದಾಟಿದಾಗ ಲೆಕ್ಕ ಮುಗಿಯಿತು. ಪ್ರಿಂಟರು ಕರಕರ ಎನ್ನುತ್ತ ಕೋಷ್ಟಕಗಳನ್ನು ಉಗುಳತೊಡಗಿತು. ಆಚಾರ್ಯರೂ ಹೆಗ್ಡೆಯೂ ಮನೆಗೆ ಹೋಗದೆ ಬಂದು ಕೂತಿದ್ದರು. ಕಾಗದ ಮಡಚಿಕೊಳ್ಳದಂತೆ ಆಚಾರ್ಯರು ಒಂದು ಅಂಚು ಹಿಡಿದರು, ಹೆಗ್ಡೆ ಒಂದು ಅಂಚು. ಆರು ವರ್ಷದ ಮೀನು ಇಬ್ಬರ ಕೈಯ ನಡುವೆ ಇಳಿದು ಬರುತ್ತಿತ್ತು.

ಕೊನೆಯ ಹಾಳೆ ಬಂದಾಗ ಗಂಟೆ ಏಳರ ಹತ್ತಿರ. ಕಿಟಕಿಯಾಚೆ ಮೋಡ ಕವಿದು, ಹಗಲೋ ಇರುಳೋ ತಿಳಿಯುತ್ತಿರಲಿಲ್ಲ. ಎ.ಸಿ.ಯ ಸದ್ದಿಗೆ ಬಾಂಗೂ ಕೇಳದು. ಖಾದರ್ ಕಾಗದದ ಕಟ್ಟನ್ನು ಪ್ಲಾಸ್ಟಿಕಿನಲ್ಲಿ ಸುತ್ತುತ್ತ ಬಸ್ಸಿನ ಗಡಿಬಿಡಿಯಲ್ಲಿದ್ದರು. ಆಚಾರ್ಯರು ಜೇಬಿನಿಂದ ಅಂಗೈಯಗಲದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಆ ದಿನದ ಸೂರ್ಯಾಸ್ತ ನೋಡಿದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು. ಹೊರಗಿನ ಹೂಜಿಯಿಂದ ಒಂದು ಲೋಟ ನೀರು ತುಂಬಿ ತಂದು ಖಾದರರ ಎದುರು ನಿಂತರು.

"ಇನ್ನು ಮೂರು ನಿಮಿಷ ಉಂಟು. ಆಮೇಲೆ ಕುಡಿದು ಹೋಗಿ."

ಮೂರು ನಿಮಿಷ ನಾವು ನಾಲ್ವರೂ ಗಡಿಯಾರ ನೋಡುತ್ತ ನಿಂತೆವು. ಬೆಳಗ್ಗಿನಿಂದ ತಾವೂ ಹನಿ ನೀರು ಮುಟ್ಟದ ಆಚಾರ್ಯರು ಲೋಟವನ್ನು ಕೆಳಗಿಡದೆ ಹಿಡಿದಿದ್ದರು. ಖಾದರ್ ನೀರು ಕುಡಿದು, ಲೋಟ ಕೆಳಗಿಟ್ಟು, "ನಿಮಗೆ ಸಾರ್?" ಎಂದರು.

"ನನಗೆ ನಾಳೆ ಬೆಳಿಗ್ಗೆ ಉಂಟು. ನೀವು ಬಸ್ಸು ಹಿಡಿಯಿರಿ."

ಮರುದಿನ ಮಧ್ಯಾಹ್ನದೊಳಗೆ ಮಂಗಳೂರಿನಿಂದ ಫೋನ್ ಬಂತು. ಒಪ್ಪಿಸಿಯಾಯಿತು, ರಸೀದಿ ಕೈಯಲ್ಲಿದೆ, ವಿಮಾನ ಸದ್ಯಕ್ಕಿಲ್ಲ. ನಾನು ಫೋನಿನಲ್ಲೇ ಕುಣಿಯುವುದೊಂದು ಬಾಕಿ. ಅದೇ ಖುಷಿಯಲ್ಲಿ ಆಚಾರ್ಯರಿಗೆ ಸುದ್ದಿ ಹೇಳಲು ಅವರ ವಿಭಾಗಕ್ಕೆ ಹೋದೆ. ಅವರು ಸೇತುವೆಯ ಮೂರನೇ ಕಂಬದಲ್ಲಿದ್ದರು. ಪಕ್ಕದ ಕಟ್ಟಡದಲ್ಲಿ ಹೆಗ್ಡೆ ಗೇರುಬೀಜ ಹುರಿಯಲು ಶುರು ಮಾಡಿಯಾಗಿತ್ತು. ಬೇರೆ ಯಾರೋ ಇಬ್ಬರು ಆ ದಿನದ ಜಾಗ ಕೇಳಿ ನನ್ನ ಕೋಣೆಯಲ್ಲಿ ಕಾಯುತ್ತಿದ್ದರು. ಗಂಟೆ ಹನ್ನೊಂದೂವರೆ. ನಾನು ಆಸೆಯಿಂದ ಕೇಳಿದೆ, ಊಟಕ್ಕೆ ಹೊತ್ತಾಯಿತಲ್ಲ ಸಾರ್?

"ಇವತ್ತು ದ್ವಾದಶಿ ಮಾರಾಯ," ಎಂದರು ಆಚಾರ್ಯರು ತೆರೆಯಿಂದ ಕಣ್ಣು ತೆಗೆಯದೆ. "ಊಟ ಬೆಳಿಗ್ಗೆ ಆರಕ್ಕೇ ಆಯಿತು. ಇನ್ನು ಸಂಜೆವರೆಗೆ ನಾನು ಏಳುವುದಿಲ್ಲ."

ಕೋಣೆಗೆ ಮರಳಿ, ಕಾಯುತ್ತಿದ್ದ ಇಬ್ಬರಿಗೆ ಇವತ್ತು ಜಾಗ ಇಲ್ಲ ಎಂದೆ. ಆ ಕೆಲಸಕ್ಕೆ ಸೇರಿದ ಮೇಲೆ ಜಾಗ ಕೇಳಿ ಬಂದವರಿಗೆ ನಾನು ಹೇಳಿದ ಮೊದಲ ನಿಜ ಅದು. ಆಮೇಲೆ ಹಸಿವಿಲ್ಲದಿದ್ದರೂ, ಹೊತ್ತಾಗದಿದ್ದರೂ, ಸ್ವೆಟರ್ ಕಳಚಿಟ್ಟು ನಾನೇ ಊಟಕ್ಕೆ ಎದ್ದೆ.